ಮುಟ್ಟಿದೆವು

ಅಮ್ಮನ ಕೈಗೆ ಸ್ಮಾರ್ಟ್‌ಫೋನ್ ಬಂದು ಏಳೆಂಟು ವರ್ಷವಾಯಿತು. ಅದರಲ್ಲಿ ಅವಳು ಮಾಡುವ ಕೆಲಸ ಒಂದೇ. ಮನೆಯಿಂದ ಯಾರು ಹೊರಟರೂ, ಮನೆಗೆ ಯಾರು ಹೊರಟರೂ, ಅರ್ಧ ಗಂಟೆಗೊಮ್ಮೆ ಫೋನು ಮಾಡಿ ತುಳುವಿನಲ್ಲಿ ಕೇಳುವುದು: ‘ಓಡೆಗ್ ಎತ್ತಿಯರ್?’ ಎಲ್ಲಿಗೆ ಮುಟ್ಟಿದಿರಿ? ನಾನು ಕಾಪು ಪೇಟೆಗೆ ಹೋಗಿ ಬರುವಷ್ಟರಲ್ಲಿ ಎರಡು ಸಲ ಕೇಳಿದ್ದುಂಟು. ನಮ್ಮ ಊರು ಇನ್ನಂಜೆಯಿಂದ ಕಾಪುವಿಗೆ ಎಷ್ಟು ದೂರ ಮಹಾ! ಆದರೆ ಅವಳ ಲೆಕ್ಕದಲ್ಲಿ ಅಂಗಳ ದಾಟಿದವರೆಲ್ಲ ದೂರ ಹೋದವರೇ.

2024ರ ಜುಲೈ 16, ಮಂಗಳವಾರ ಬೆಳಿಗ್ಗೆ ಆ ಪ್ರಶ್ನೆಗೆ ಉತ್ತರ ಕೊಡುವವರೇ ಇರಲಿಲ್ಲ. ಅಕ್ಕ, ಭಾವ, ಅವರ ಇಬ್ಬರು ಮಕ್ಕಳು, ಭಾವನ ವಯಸ್ಸಾದ ತಾಯಿ, ಹೀಗೆ ಐದು ಜನ ಮುಂಬೈ ಕಡೆಯಿಂದ ರೈಲಿನಲ್ಲಿ ಬರುತ್ತಿದ್ದರು. ಬೆಳಿಗ್ಗೆ ಉಡುಪಿಯಲ್ಲಿ ಇಳಿಯಬೇಕಿತ್ತು. ಇಳಿದಿರಲಿಲ್ಲ. ಫೋನಿಗೆ ಕರೆ ಹೋಗುತ್ತಿರಲಿಲ್ಲ. ಹೊರಗೆ ಮಳೆ ಹಂಚಿನ ಮೇಲೆ ಒಂದೇ ಸಮ ಹೊಯ್ಯುತ್ತಿತ್ತು.

ನಮ್ಮ ಕಡೆಯ ಕನ್ನಡದಲ್ಲಿ ಊರನ್ನು ‘ತಲುಪು’ವುದು ಕಡಿಮೆ, ‘ಮುಟ್ಟು’ವುದೇ ಹೆಚ್ಚು. ತಲುಪುವುದು ಪುಸ್ತಕದಲ್ಲಿ, ರೈಲು ನಿಲ್ದಾಣದ ಮೈಕಿನಲ್ಲಿ. ಮನೆಮಾತಿನಲ್ಲಿ ಜನ ಮುಟ್ಟುತ್ತಾರೆ, ಕಾಗದ ಮುಟ್ಟುತ್ತದೆ, ಮನಿಯಾರ್ಡರಿನ ದುಡ್ಡೂ ಮುಟ್ಟುತ್ತದೆ. ನನ್ನ ಬಾಲ್ಯದಲ್ಲಿ ಮುಂಬೈಯಿಂದ ಬರುತ್ತಿದ್ದ ನೀಲಿ ಇನ್‌ಲ್ಯಾಂಡ್ ಲೆಟರುಗಳು ಶುರುವಾಗುತ್ತಿದ್ದದ್ದೇ ಹಾಗೆ, ಊರಿನಿಂದ ಹೊರಟ ನಾವು ಕ್ಷೇಮವಾಗಿ ಬಂದು ಮುಟ್ಟಿದೆವು ಅಂತ. ಆ ಕಾಗದ ಬರುವ ಹೊತ್ತಿಗೆ ಮುಟ್ಟಿದವರು ಮುಟ್ಟಿ ವಾರ ಕಳೆದಿರುತ್ತಿತ್ತು. ಆ ಒಂದು ವಾರ ಅಜ್ಜಿ ಹೇಗೆ ಕಳೆಯುತ್ತಿದ್ದಳೋ. ಅಂಚೆಯವನ ಸೈಕಲ್ ಗದ್ದೆಯ ಬದುವಿನಲ್ಲಿ ಕಂಡ ಕೂಡಲೇ ಕೈಯ ಕೆಲಸ ಬಿಟ್ಟು ನಿಲ್ಲುತ್ತಿದ್ದದ್ದು ಮಾತ್ರ ನನಗೆ ನೆನಪಿದೆ. ಆಮೇಲೆ ಎಸ್‌ಟಿಡಿ ಬೂತ್ ಬಂತು. ಅದರ ಮೇಲೆ ಮಿಸ್ಡ್ ಕಾಲ್ ಬಂತು: ಒಂದು ರಿಂಗ್ ಆಗಿ ನಿಂತರೆ ರೈಲು ಹತ್ತಿದ್ದಾರೆ, ಎರಡು ರಿಂಗ್ ಆಗಿ ನಿಂತರೆ ಮನೆ ಮುಟ್ಟಿದ್ದಾರೆ. ಪೈಸೆ ಖರ್ಚಿಲ್ಲದ ಸಮಾಚಾರ. ಮೂರನೆಯ ರಿಂಗ್ ಬಂದರೆ ಮಾತ್ರ ಎತ್ತಬೇಕು, ಎಂತದೋ ಆಗಿದೆ ಅಂತ ಅರ್ಥ.

ಇಂಥ ಮಳೆಯಲ್ಲಿ ಅವರು ಹೊರಟದ್ದಾದರೂ ಯಾಕೆ ಅಂತ ಕೇಳಬಹುದು. ಅಪ್ಪ ತೀರಿಕೊಂಡು ವರ್ಷ ತುಂಬಿರಲಿಲ್ಲ. ಆಟಿ ತಿಂಗಳಲ್ಲಿ ನಮ್ಮಲ್ಲಿ ಮದುವೆ ಮುಂಜಿ ಇಲ್ಲ, ಹೊಸ ಕೆಲಸಕ್ಕೆ ಕೈಹಾಕುವುದಿಲ್ಲ. ಆದರೆ ಹೋದವರಿಗೆ ಎಲೆ ಹಾಕಿ ಬಡಿಸುವುದು ಆಟಿಯಲ್ಲೇ. ಅಗೆಲು ಅನ್ನುತ್ತೇವೆ. ಆ ಮಂಗಳವಾರ ಕರ್ಕ ಸಂಕ್ರಮಣ, ಮರುದಿನದಿಂದ ಆಟಿ. ಬುಧವಾರ ಮೊಹರಂ ರಜೆ ಇದ್ದದ್ದರಿಂದ ಅಕ್ಕ ಅದಕ್ಕೆ ನಾಲ್ಕು ದಿನ ಜೋಡಿಸಿಕೊಂಡು ಟಿಕೆಟ್ ಮಾಡಿಸಿದ್ದಳು. ಬುಧವಾರವೇ ಪ್ರಥಮ ಏಕಾದಶಿಯೂ ಬಿತ್ತು. ಏಕಾದಶಿಯಂದು ಕೋಳಿ, ಮೀನು ಬಡಿಸಲಿಕ್ಕಿಲ್ಲ. ಹಾಗಾಗಿ ಅಗೆಲು ಗುರುವಾರಕ್ಕೆ ಹೋಯಿತು. ಆ ಒಂದು ದಿನದ ವಿನಾಯಿತಿ ಆಮೇಲೆ ಎಷ್ಟು ದೊಡ್ಡದಾಗಿ ಕಂಡಿತೆಂದರೆ, ಪಂಚಾಂಗ ಬರೆದವರಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಆ ಜುಲೈಯನ್ನು ಕರಾವಳಿಯವರು ಬೇಗ ಮರೆಯುವುದಿಲ್ಲ. ಹತ್ತನೇ ತಾರೀಕಿನ ಹೊತ್ತಿಗೆ ಗೋವಾದ ಪೆರ್ನೆಮ್ ಸುರಂಗದೊಳಗೆ ನೀರು, ಕೆಸರು ನುಗ್ಗಿ ಕೊಂಕಣ ರೈಲು ನಿಂತಿತು. ಅದು ಸರಿಹೋಗಿ ನಾಲ್ಕು ದಿನವಾಗಿಲ್ಲ, 14ರ ಭಾನುವಾರ ಸಂಜೆ ರತ್ನಾಗಿರಿ ಜಿಲ್ಲೆಯ ಖೇಡ್ ಬಳಿ ದಿವಾನ್‌ಖವಟಿಯಲ್ಲಿ ಗುಡ್ಡದ ಮಣ್ಣು ಹಳಿಯ ಮೇಲೆ ಬಂತು. ಮಣ್ಣು ತೆಗೆದಷ್ಟೂ ಮೇಲಿನಿಂದ ಮತ್ತೆ ಇಳಿಯುತ್ತಿತ್ತು. ಮಾರ್ಗ ತೆರೆಯಲು ಸುಮಾರು ಇಪ್ಪತ್ತನಾಲ್ಕು ತಾಸು ಹಿಡಿಯಿತು. ಕೆಲವು ರೈಲು ರದ್ದಾದವು, ಕೆಲವು ಎಲ್ಲೆಲ್ಲೋ ಸುತ್ತು ಹಾಕಿದವು.

ಅಕ್ಕನವರ ಟಿಕೆಟ್ ಇದ್ದದ್ದು ಸೋಮವಾರ ಮಧ್ಯಾಹ್ನಕ್ಕೆ. ಮಧ್ಯಾಹ್ನದ್ದು ಸಂಜೆಯಾಯಿತು, ಸಂಜೆಯದ್ದು ರಾತ್ರಿಯಾಯಿತು. ಪ್ಲಾಟ್‌ಫಾರ್ಮಿನಲ್ಲಿ ಟ್ರಂಕಿನ ಮೇಲೆ ಅಕ್ಕನ ಅತ್ತೆ, ಚೀಲಗಳ ಮೇಲೆ ಮಕ್ಕಳು. ಭಾವ ಲೆಕ್ಕಾಚಾರದ ಮನುಷ್ಯ. ಡೊಂಬಿವಿಲಿಯ ಮನೆಗೆ ವಾಪಸು ಹೋಗುವ, ಟಿಕೆಟಿನ ದುಡ್ಡು ಹಿಂದೆ ಬರುತ್ತದೆ, ಅಗೆಲು ಮುಂದಿನ ವಾರವೂ ಮಾಡಬಹುದು ಅಂತ ಅವರ ವಾದ. ಅದರಲ್ಲಿ ತಪ್ಪೇನೂ ಇರಲಿಲ್ಲ. ಅಕ್ಕ ಒಂದೇ ಮಾತು ಹೇಳಿದಳಂತೆ, ‘ನೀವು ಹೋಗಿ. ನಾನು ಅಪ್ಪನ ಎಲೆಗೆ ಬಡಿಸಿ ಬರುತ್ತೇನೆ.’ ಅತ್ತೆ ಟ್ರಂಕಿನಿಂದ ಏಳದೆ, ‘ನಾನೂ’ ಅಂದರಂತೆ. ಅಲ್ಲಿಗೆ ವಾದ ಮುಗಿಯಿತು. ರೈಲು ಹೊರಟಾಗ ರಾತ್ರಿ ಹತ್ತು ದಾಟಿತ್ತು.

ಕೊಂಕಣ ರೈಲಿಗೆ ಮಳೆಗಾಲದ್ದೇ ಬೇರೆ ವೇಳಾಪಟ್ಟಿ. ಆ ವರ್ಷ ಅದು ಜೂನ್ 10ರಿಂದ ಅಕ್ಟೋಬರ್ 31ರವರೆಗೆ ಇತ್ತು. ವೇಗ ಕಡಿಮೆ, ಹೊತ್ತು ಜಾಸ್ತಿ. ಮಳೆ ಜೋರಾಗಿ ಮುಂದಿನದು ಕಾಣದ ಹಾಗಾದರೆ ಗಂಟೆಗೆ ನಲವತ್ತು ಕಿಲೋಮೀಟರಿಗಿಂತ ಹೆಚ್ಚು ಓಡಿಸಬಾರದು. ರೋಹಾದಿಂದ ನಮ್ಮ ತೋಕೂರಿನವರೆಗೆ ಸುಮಾರು 740 ಕಿಲೋಮೀಟರ್ ಮಾರ್ಗ, ತೊಂಬತ್ತಕ್ಕೂ ಹೆಚ್ಚು ಸುರಂಗ, ದೊಡ್ಡದು ಸಣ್ಣದು ಸೇರಿ ಎರಡು ಸಾವಿರದಷ್ಟು ಸೇತುವೆ. ಒಂದು ಬದಿಗೆ ಕಡಿದ ಗುಡ್ಡ, ಇನ್ನೊಂದು ಬದಿಗೆ ಹೊಳೆಯೋ ಗದ್ದೆಯೋ. ಬಹುಪಾಲು ಒಂಟಿ ಹಳಿ. ಒಂದು ರೈಲು ಬರುವಾಗ ಇನ್ನೊಂದು ಎಲ್ಲಾದರೂ ಬದಿಗೆ ಸರಿದು ನಿಲ್ಲಲೇಬೇಕು.

ಇದನ್ನೆಲ್ಲ ಆ ಬೆಳಿಗ್ಗೆ ಅಮ್ಮನಿಗೆ ಹೇಳಲು ಬಂದವರು ನೆರೆಮನೆಯವರು, ಟ್ರ್ಯಾಕ್‌ಮನ್ ಆಗಿ ನಿವೃತ್ತರಾದವರು. ಕೊಡೆ ಮಡಚಿ ಜಗಲಿಯ ಮೂಲೆಗೆ ಒರಗಿಸಿ ಕೂತರು. ಮಳೆಗಾಲದ ರಾತ್ರಿ ಹಳಿಯ ಗುಂಟ ನಡೆದ ಕಾಲು ಅವರದು. ಒಂದು ಕೈಯಲ್ಲಿ ಟಾರ್ಚು, ಹೆಗಲ ಚೀಲದಲ್ಲಿ ಸಿಳ್ಳೆ, ಬಾವುಟ, ಪಟಾಕಿ. ಪಟಾಕಿ ಅಂದರೆ ದೀಪಾವಳಿಯದ್ದಲ್ಲ. ಹಳಿಗೆ ಕಟ್ಟಿ ಬಿಟ್ಟರೆ ಎಂಜಿನ್ನಿನ ಚಕ್ರ ಹತ್ತಿದಾಗ ಡಬ್ ಅನ್ನುತ್ತದೆ, ಚಾಲಕ ಬ್ರೇಕ್ ಹಾಕುತ್ತಾನೆ. ತನ್ನ ಪಾಲಿನ ದೂರ ನಡೆದು, ಎದುರಿನಿಂದ ಬಂದವನ ಹತ್ತಿರ ಪುಸ್ತಕ ಬದಲಾಯಿಸಿಕೊಂಡು ವಾಪಸು ನಡೆಯಬೇಕು. ಪುಸ್ತಕ ಕೈಬದಲಾದರೆ ನಡುವಿನ ಹಳಿಯ ಮೇಲೆ ಮನುಷ್ಯನ ಕಣ್ಣು ಬಿದ್ದಿದೆ ಅಂತ ಲೆಕ್ಕ. ‘ಎದುರಿನವನ ಟಾರ್ಚು ದೂರದಲ್ಲಿ ಕಂಡರೆ ಎಂತ ಖುಷಿ ಗೊತ್ತುಂಟಾ? ಹೆಂಡತಿ ಮಕ್ಕಳನ್ನು ಕಂಡ ಹಾಗೆ’ ಅಂದರು. ಕಂಬಳಿಹುಳ, ಹಾವು, ಜಿಗಣೆಗಳ ಕತೆಯೂ ಬಂತು. ಅಮ್ಮ ಅದಾವುದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ.

‘ನಿಂತದ್ದು ಒಳ್ಳೆದೇ ಅಕ್ಕ. ನಿಲ್ಲಿಸುವವರು ಎಚ್ಚರ ಇದ್ದಾರೆ ಅಂತ ಅರ್ಥ.’

ಅವರು ಹೇಳದೆ ಬಿಟ್ಟದ್ದು ನನಗೆ ಗೊತ್ತಿತ್ತು. 2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬೈಗೆ ಹೊರಟ ರಜಾಕಾಲದ ವಿಶೇಷ ರೈಲು ವೈಭವವಾಡಿಯ ಹತ್ತಿರ ಹಳಿಯ ಮೇಲೆ ಉರುಳಿದ ಬಂಡೆಗೆ ಸಿಕ್ಕಿತು. ಐವತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ವರ್ಷ ತುಂಬುವ ಮೊದಲೇ, 2004ರ ಜೂನ್ 16ರಂದು, ನಮ್ಮ ಊರಿನವರೇ ತುಂಬಿರುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹಳಿ ತಪ್ಪಿತು. ಅದಕ್ಕೂ ಕಾರಣ ಬಂಡೆಯೇ. ಇವತ್ತಿನ ನಲವತ್ತರ ವೇಗ, ಕಡಿದ ಗುಡ್ಡಕ್ಕೆ ಹೊದೆಸಿದ ಉಕ್ಕಿನ ಬಲೆ, ಇಳಿಜಾರು ಸಡಿಲಿಸಿದ ದರೆ, ರಾತ್ರಿಯಿಡೀ ನಡೆಯುವ ಕಾವಲು, ಎಲ್ಲವೂ ಬಿಗಿಯಾದದ್ದು ಆ ಎರಡು ಅಪಘಾತಗಳ ನಂತರ. ರೈಲು ತಡವಾದರೆ ಬೈಯುವ ನಮ್ಮಂಥವರು ಇದನ್ನು ಒಮ್ಮೆ ನೆನಪು ಮಾಡಿಕೊಳ್ಳುವುದು ಒಳ್ಳೆಯದು. ನಾನೂ ಬೈಯುವವನೇ.

ಹತ್ತು ಗಂಟೆ ಕಳೆದಿರಬೇಕು, ಒಳಗೆ ಟಿ.ವಿ.ಯಲ್ಲಿ ಅಂಕೋಲಾ ಅಂತ ಕೇಳಿತು.

ಅಲ್ಲಿನ ಶಿರೂರಿನಲ್ಲಿ ಗುಡ್ಡ ಕುಸಿದಿತ್ತು. ಹೆದ್ದಾರಿಗಾಗಿ ಬುಡ ಕಡಿದಿದ್ದ ಗುಡ್ಡ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿದ್ದು, ರಸ್ತೆ ದಾಟಿ, ಗಂಗಾವಳಿ ಹೊಳೆಯವರೆಗೆ ಹೋಗಿತ್ತು. ರಸ್ತೆ ಬದಿಯ ಚಹಾ ಅಂಗಡಿ ಇಲ್ಲ, ಅಂಗಡಿಯ ಮನೆಯವರಿಲ್ಲ. ನಿಲ್ಲಿಸಿದ್ದ ಟ್ಯಾಂಕರುಗಳು ಹೊಳೆಯಲ್ಲಿ. ನಮ್ಮವರು ಬರುತ್ತಿದ್ದದ್ದು ರಸ್ತೆಯಲ್ಲಲ್ಲ, ರೈಲಿನಲ್ಲಿ. ಆ ಹೊತ್ತಿಗೆ ರೈಲು ಗೋವಾವನ್ನೂ ದಾಟಿರಲಿಕ್ಕಿಲ್ಲ. ಆದರೆ ಅಂಕೋಲಾ ಅನ್ನುವ ಹೆಸರು, ಕೆಂಪು ಮಣ್ಣು, ಹತ್ತದ ಫೋನು ಮೂರೂ ಸೇರಿದ ಮೇಲೆ ಅಮ್ಮನಿಗೆ ಭೂಗೋಳ ಹೇಳುವವರು ಯಾರು? ಅವಳು ಎದ್ದು ದೇವರ ಕೋಣೆಗೂ ಹೋಗಲಿಲ್ಲ, ಅಳಲೂ ಇಲ್ಲ. ಬಚ್ಚಲಿಗೆ ಹೋಗಿ ಹಂಡೆಯ ಒಲೆಗೆ ಸೌದೆ ತುಂಬಿದಳು. ಬಂದವರಿಗೆ ಬಿಸಿನೀರು ಬೇಕಲ್ಲ. ಆ ಒಲೆ ಮಧ್ಯಾಹ್ನದವರೆಗೆ ನಂದಲಿಲ್ಲ. ನೀರು ಕುದಿದು ಆರಿ ಮತ್ತೆ ಕುದಿಯಿತು.

ಕಾಯುವುದರಲ್ಲಿ ಈ ಕರಾವಳಿಯ ಹೆಂಗಸರಿಗೆ ಹಳೆಯ ಪಳಗಿಕೆ ಇದೆ. ಬೊಂಬಾಯಿಗೂ ನಮ್ಮ ತೀರಕ್ಕೂ ನಂಟು ಬೆಳೆದು ನೂರು ವರ್ಷ ಮೀರಿತು. ಅಲ್ಲಿನ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ, ಬಂಟರ ಸಂಘ 1927ರಲ್ಲಿ. ಹೋಟೆಲಿಗೆ, ಗಿರಣಿಗೆ, ಬಂದರಿಗೆ ಹೋದ ಗಂಡಸರು ಕರಾವಳಿಯ ಹಡಗಿನಲ್ಲಿ ಹೋದರೆ ಮಳೆಗಾಲಕ್ಕೆ ಮೊದಲು ಹೋಗಬೇಕು, ಬಂದರೆ ಮಳೆ ಮುಗಿದ ಮೇಲೆ ಬರಬೇಕು. ನಡುವಿನ ತಿಂಗಳುಗಳಲ್ಲಿ ಕಡಲಿಗೆ ಬಾಗಿಲು. ರಸ್ತೆಯಲ್ಲಿ ಉತ್ತರಕ್ಕೆ ಹೋಗುವ ಅಂದರೆ ಸ್ವರ್ಣಾ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ, ಒಂದೊಂದು ಹೊಳೆಗೂ ಸೇತುವೆ ಬರುವವರೆಗೆ ದೋಣಿಯೇ ಗತಿ. ಹಾಗಾಗಿ ಬಸ್ಸುಗಳು ಘಟ್ಟ ಹತ್ತಿ ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಪುಣೆ ಅಂತ ದೇಶ ಸುತ್ತುತ್ತಿದ್ದವು. ಅಜ್ಜ ಒಮ್ಮೆ ಜುಲೈಯಲ್ಲಿ ಬೊಂಬಾಯಿಯಿಂದ ಹೊರಟವನು ನಾಲ್ಕನೆಯ ದಿನ ಮನೆ ಮುಟ್ಟಿದ್ದನಂತೆ. ಕೊನೆಯ ಎರಡು ಮೈಲು ಗದ್ದೆ ನೀರಿನಲ್ಲಿ ನಡೆದುಕೊಂಡು, ಟ್ರಂಕನ್ನು ತಲೆಯ ಮೇಲೆ ಹೊತ್ತು. ಅಜ್ಜಿ ಮೊದಲು ಇಳಿಸಿಕೊಂಡದ್ದು ಟ್ರಂಕನ್ನು ಅಂತ ಮನೆಯಲ್ಲಿ ತಮಾಷೆ ಮಾಡುತ್ತಿದ್ದರು.

ರೈಲು ಬಂದದ್ದು ನನ್ನ ಕಣ್ಣೆದುರೇ. 1993ರಲ್ಲಿ ಮಂಗಳೂರು ಮತ್ತು ಉಡುಪಿ ನಡುವಿನ ತುಂಡು ಮೊದಲು ತೆರೆಯಿತು. ಆ ತುಂಡಿನಲ್ಲೇ ನಮ್ಮ ಇನ್ನಂಜೆ. 1998ರ ಜನವರಿ 26ರಿಂದ ಇಡೀ ಮಾರ್ಗದಲ್ಲಿ ಪ್ರಯಾಣಿಕರ ರೈಲು ಓಡಿತು. ಬೊಂಬಾಯಿ ಒಂದು ರಾತ್ರಿಯ ದೂರಕ್ಕೆ ಬಂತು. ಶಂಕರಪುರದ ಮಲ್ಲಿಗೆ ಇವತ್ತು ಕೊಯ್ದು ಅಟ್ಟೆ ಕಟ್ಟಿದರೆ ಮರುದಿನ ಅಲ್ಲಿ ಮುಡಿಗೆ ಏರುತ್ತದೆ. ಅಷ್ಟು ಹತ್ತಿರವಾದ ಮೇಲೆ ಒಂದು ಹೊಸ ತೊಂದರೆ ಶುರುವಾಯಿತು ಅಂತ ನನ್ನ ಅಭಿಪ್ರಾಯ. ನಾಲ್ಕು ದಿನ ಹಿಡಿಯುತ್ತಿದ್ದಾಗ ಎಂಟು ದಿನ ಕಾಯುವ ತಾಳ್ಮೆ ಇತ್ತು. ಈಗ ಹದಿನೈದು ತಾಸು ಹದಿನಾರಾದರೆ ಎದೆ ಬಡಿದುಕೊಳ್ಳುತ್ತದೆ.

ಮಧ್ಯಾಹ್ನ ಒಂದೂಕಾಲಕ್ಕೆ ಫೋನು ಬಂತು. ಅಕ್ಕನದ್ದಲ್ಲ, ಯಾವುದೋ ಗೊತ್ತಿಲ್ಲದ ನಂಬರು. ಎದುರಿನ ಬರ್ತಿನ ಹುಡುಗನ ಫೋನಿನಿಂದ ಅಕ್ಕ ಮಾತಾಡುತ್ತಿದ್ದಳು. ಇವರ ಫೋನುಗಳೆಲ್ಲ ಪ್ಲಾಟ್‌ಫಾರ್ಮಿನಲ್ಲೇ ಚಾರ್ಜು ಮುಗಿಸಿಕೊಂಡಿದ್ದವು. ‘ಕಾರವಾರ ದಾಟಿತು. ಎಲ್ಲ ಸಮ ಉಂಟು. ಅಮ್ಮನಿಗೆ ಹೇಳು.’ ಅಷ್ಟರಲ್ಲಿ ಸುರಂಗ. ಲೈನ್ ಹೋಯಿತು.

ನಾನು ಬಚ್ಚಲಿಗೆ ಹೋಗಿ ಹೇಳಿದೆ. ಅಮ್ಮ ಊದುಕೊಳವೆ ಕೆಳಗಿಟ್ಟು, ‘ಮೀನು ಇಲ್ಲ ಮನೆಯಲ್ಲಿ’ ಅಂದಳು. ಜೂನ್ ಒಂದರಿಂದ ಜುಲೈ ಮುಗಿಯುವವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯಲಿಕ್ಕಿಲ್ಲ, ಮೀನಿನ ಪೇಟೆಯೇ ಬಡವಾಗಿರುತ್ತದೆ. ಒಣ ಸಿಗಡಿಯ ಡಬ್ಬಿ ಅಟ್ಟದಿಂದ ಇಳಿಯಿತು. ತೆಂಗಿನಕಾಯಿ ಒಡೆದ ಸದ್ದು ಕೇಳಿತು. ಮೂರು ತಾಸಿನಿಂದ ಮಾತಾಡದೆ ಇದ್ದವಳು ಈಗ ತಿಮರೆ ಸೊಪ್ಪು ತಂದದ್ದು ಸಾಕಾಗುವುದಿಲ್ಲ ಅಂತ ನನ್ನನ್ನು ಬೈಯಲು ಶುರುಮಾಡಿದಳು. ಮನೆ ಸರಿಯಾಯಿತು ಅಂತ ನನಗೆ ಗೊತ್ತಾಯಿತು.

ಉಡುಪಿಯಲ್ಲಿ, ಇಂದ್ರಾಳಿಯ ನಿಲ್ದಾಣದಲ್ಲಿ ಅವರು ಇಳಿದಾಗ ಸಂಜೆ ನಾಲ್ಕು. ರೈಲಿನಿಂದ ಮೊದಲು ಇಳಿದದ್ದು ಚೀಲಗಳು, ಆಮೇಲೆ ಮಕ್ಕಳು, ಕೊನೆಗೆ ಇಬ್ಬರ ಕೈ ಹಿಡಿದು ಅತ್ತೆ. ಅಕ್ಕನ ಮುಖದಲ್ಲಿ ನಿದ್ದೆಯಿಲ್ಲದ ಎರಡು ದಿನ ಕಾಣುತ್ತಿತ್ತು. ಭಾವ ನನ್ನ ಭುಜ ತಟ್ಟಿ, ‘ನಾನು ಹೇಳಿದ್ದೆ, ರೈಲು ಬಿಟ್ಟೇ ಬಿಡುತ್ತದೆ ಅಂತ’ ಅಂದರು. ಅಕ್ಕ ನನ್ನ ಕಡೆ ನೋಡಿದಳು. ಇಬ್ಬರೂ ಏನೂ ಹೇಳಲಿಲ್ಲ. ಫೋನು ಕೊಟ್ಟ ಹುಡುಗ ಸುರತ್ಕಲ್ಲಿನವನಂತೆ. ರಾತ್ರಿ ತನ್ನ ಕೆಳಗಿನ ಬರ್ತನ್ನು ಅತ್ತೆಗೆ ಬಿಟ್ಟುಕೊಟ್ಟು ಮೇಲೆ ಹತ್ತಿ ಮಲಗಿದ್ದನಂತೆ. ಹೆಸರು ಕೇಳಲಿಕ್ಕೆ ಮರೆತೆವು ಅಂತ ಅಕ್ಕ ದಾರಿಯುದ್ದಕ್ಕೂ ಪೇಚಾಡಿದಳು.

ಕಟಪಾಡಿಯಲ್ಲಿ ಹೆದ್ದಾರಿ ಬಿಟ್ಟು ತಿರುಗಿದೆವು. ವೈಪರು ಓಡಿದಷ್ಟೂ ಗಾಜು ಕಾಣದ ಮಳೆ. ಶಂಕರಪುರ ದಾಟುವಾಗ ಮನೆಗಳ ಅಂಗಳದಲ್ಲಿ ಮಲ್ಲಿಗೆ ಗಿಡಗಳು ತಲೆ ತಗ್ಗಿಸಿ ನೆನೆಯುತ್ತಿದ್ದವು. ಮಕ್ಕಳಿಬ್ಬರೂ ಹಿಂದೆ ಒಬ್ಬರ ಮೇಲೊಬ್ಬರು ಒರಗಿ ನಿದ್ದೆಹೋಗಿದ್ದರು. ಹದಿನೆಂಟು ತಾಸಿನಲ್ಲಿ ಬಾರದ ನಿದ್ದೆ ಕೊನೆಯ ಹತ್ತು ಮಿನಿಟಿನಲ್ಲಿ ಬಂದಿತ್ತು.

ಮನೆಯ ಹತ್ತಿರ ಬಂದಾಗ ಇನ್ನಂಜೆ ನಿಲ್ದಾಣದಲ್ಲಿ ಒಂದು ಉದ್ದದ ರೈಲು ನಿಂತಿತ್ತು. ಮೊದಲು ಇದು ಬರಿಯ ಹಾಲ್ಟ್ ಆಗಿತ್ತು. ಈಗ ಕ್ರಾಸಿಂಗ್ ಸ್ಟೇಷನ್, ಎದುರಿನ ರೈಲಿಗೆ ದಾರಿ ಬಿಡಲು ಹೆಚ್ಚಿನ ಹಳಿ ಇದೆ. ಭಾವ ಕಿಟಕಿ ಒರೆಸಿ ಇಣುಕಿದರು.

‘ಇದು ನಮ್ಮ ಗಾಡಿ ಅಲ್ವಾ?’

ನಿಜ, ಅದೇ ರೈಲು. ಉಡುಪಿಯಲ್ಲಿ ಇವರನ್ನು ಇಳಿಸಿ ಬಂದು, ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ, ಯಾರನ್ನೋ ಕಾಯುತ್ತ ನಿಂತಿತ್ತು. ಟಿಕೆಟ್ಟಿನ ಪ್ರಕಾರ ಇಲ್ಲಿ ನಿಲುಗಡೆ ಇಲ್ಲ. ಅತ್ತೆ ಮೊದಲ ಸಲ ನಕ್ಕರು. ‘ಮೊದಲೇ ಹೇಳಿದ್ದರೆ ಇಲ್ಲೇ ಹಾರುತ್ತಿದ್ದೆ’ ಅಂದರು. ಎಪ್ಪತ್ತು ದಾಟಿದ, ಮಂಡಿ ನೋವಿನ ಹೆಂಗಸು.

ಅಮ್ಮ ಜಗಲಿಯಲ್ಲಿ ನಿಂತಿದ್ದಳು. ತಟ್ಟೆಯಲ್ಲಿ ಬೆಲ್ಲದ ಅಚ್ಚು, ಚೆಂಬಿನಲ್ಲಿ ನೀರು. ನಮ್ಮಲ್ಲಿ ಬಂದವರಿಗೆ ಮೊದಲು ಕೊಡುವುದು ಅದೇ. ಅತ್ತೆಯ ಕೈಗೆ ಬೆಲ್ಲ ಕೊಟ್ಟಳು. ಮಕ್ಕಳ ತಲೆ ಮುಟ್ಟಿ ನೋಡಿ, ‘ಒದ್ದೆ ಆಗಿದೆ’ ಅಂದಳು. ಅಕ್ಕನ ತಲೆಯನ್ನೂ ಮುಟ್ಟಿದಳು. ಅದೂ ಒದ್ದೆ. ಭಾವನ ತಲೆ ಮುಟ್ಟುವ ಹಾಗಿಲ್ಲ, ಅಳಿಯ. ಅವರ ಕೈಯ ಚೀಲ ಇಸಿದುಕೊಂಡಳು. ಆಗ ನನಗೆ ಅಜ್ಜನ ಟ್ರಂಕು ನೆನಪಾಯಿತು.

ಹಂಡೆಯ ನೀರು ಐದು ಜನಕ್ಕೂ ಸಾಕಾಯಿತು. ಕುಚ್ಚಲಕ್ಕಿ ಗಂಜಿ, ಸಿಗಡಿ ಚಟ್ನಿ, ತಿಮರೆ ಚಟ್ನಿ, ಹಲಸಿನ ಹಪ್ಪಳ. ಪಿಜ್ಜಾ ಕೇಳುವ ಮಕ್ಕಳು ಎರಡೆರಡು ಸಲ ಬಡಿಸಿಕೊಂಡರು. ಊಟದ ನಡುವೆ ಟಿ.ವಿ. ಓಡುತ್ತಲೇ ಇತ್ತು. ಶಿರೂರಿನಲ್ಲಿ ಮಣ್ಣು ತೆಗೆಯುವ ಯಂತ್ರಗಳು ಬಂದಿದ್ದವು. ಅಮ್ಮ ಎದ್ದು ಧ್ವನಿ ಕಡಿಮೆ ಮಾಡಿದಳು, ಆದರೆ ಆರಿಸಲಿಲ್ಲ.

ಆ ಮಣ್ಣಿನಡಿ ಕೋಝಿಕ್ಕೋಡಿನ ಲಾರಿ ಚಾಲಕನೊಬ್ಬ ಇದ್ದಾನೆ ಅಂತ ಆಮೇಲಿನ ದಿನಗಳಲ್ಲಿ ಸುದ್ದಿಯಾಯಿತು. ಅವನ ಫೋನು ರಿಂಗ್ ಆಯಿತು ಅಂತ ಅವನ ಮನೆಯವರು ಹೇಳಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಅದನ್ನು ಓದಿದ ದಿನ ಅಮ್ಮ ತನ್ನ ಫೋನನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದಳು. ಗಂಗಾವಳಿಯ ತಳದಿಂದ ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಎರಡು ತಿಂಗಳು ದಾಟಿ.

ದಾರಿಗಳು ಮುಚ್ಚುವುದು ಅಲ್ಲಿಗೂ ನಿಲ್ಲಲಿಲ್ಲ. ಜುಲೈ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯಡಿಯ ಮಣ್ಣು ಜಾರಿ ಬೆಂಗಳೂರಿನ ರೈಲು ನಿಂತಿತು. ಶಿರಾಡಿಯ ರಸ್ತೆಯೂ ಕೈಕೊಟ್ಟಿತು. ಚಿಕ್ಕಪ್ಪನ ಮಗ ಕುದುರೆ‌ಮುಖದ ಮೇಲಿಂದ ಮಾಳಕ್ಕೆ ಇಳಿದು ಕಾರ್ಕಳದ ದಾರಿಯಲ್ಲಿ ಬಂದ. ಆ ಘಟ್ಟದ ಮೇಲೆ ಫೋನಿಗೆ ಸಿಗ್ನಲ್ ಇಲ್ಲ, ಅಮ್ಮನ ಲೆಕ್ಕದಲ್ಲಿ ಅವನು ಎರಡು ತಾಸು ಇರಲೇ ಇಲ್ಲ. ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ಹೊಳೆಯ ಹಳೆಯ ಸೇತುವೆಯೂ ಬಿತ್ತು. ಅಷ್ಟರಲ್ಲಿ ಅಕ್ಕನವರು ವಾಪಸು ಹೋಗಿ ಆಗಿತ್ತು.

ಅವರು ಬಂದ ಆ ವಾರ, ಗುರುವಾರ ರಾತ್ರಿ ಅಗೆಲು. ಒಳಗಿನ ಕೋಣೆಯಲ್ಲಿ ಬಾಳೆಲೆ ಹಾಕಿ ಹಿರಿಯರಿಗೆಲ್ಲ ಸಾಲಾಗಿ ಬಡಿಸಿದ್ದಾಯಿತು. ಕೊನೆಯ ಎಲೆ ಅಪ್ಪನದು. ಕೋಳಿ, ರೊಟ್ಟಿ, ಅವನಿಗೆ ಇಷ್ಟದ ಸಿಗಡಿ ಚಟ್ನಿ, ಪಕ್ಕದಲ್ಲಿ ಒಂದು ಬೀಡಿ. ಅಕ್ಕ ಬಡಿಸಿದಳು, ಅತ್ತೆ ಬಾಗಿಲ ಹತ್ತಿರ ನಿಂತು ನೋಡಿದರು. ಬಡಿಸಿ ಮುಗಿದ ಮೇಲೆ ಕೈಮುಗಿದು ಕರೆಯಬೇಕು, ಬಂದು ಉಂಡು ಹೋಗಿ ಅಂತ. ಆಮೇಲೆ ಬಾಗಿಲು ಹಾಕಿ ಸ್ವಲ್ಪ ಹೊತ್ತು ಎಲ್ಲರೂ ಹೊರಗೆ ಕೂರುವುದು. ಕರೆಯುವ ಸರದಿ ಅಮ್ಮನದು. ಹಿರಿಯರನ್ನೆಲ್ಲ ಕ್ರಮದಂತೆ ಕರೆದಳು. ಅಪ್ಪನ ಎಲೆಯ ಎದುರು ಬಂದಾಗ ಕ್ರಮದ ಮಾತು ಬಿಟ್ಟು, ಹೊರಗೆ ಜಗಲಿಯಲ್ಲಿ ಕೂತವನ ಹತ್ತಿರ ಹೇಳುವ ಹಾಗೆ ಹೇಳಿದಳು:

‘ಮಕ್ಕಳು ಬಂದು ಮುಟ್ಟಿದ್ದಾರೆ.’

ಹೇಳಿ ಬಾಗಿಲು ಎಳೆದುಕೊಂಡಳು.